ಬ್ರೇಕ್ ಒತ್ತಿದ್ದು ಯಾರು?

ನಾ ಪುಣೆಯಾಗ ಡ್ರೈವಿಂಗ್ ಸ್ಕೂಲಿನ ಮಾಸ್ತರ. ಕಲಿಯೋರ ಬಾಜೂಕ ಕೂತು, ನನ್ನ ಕಡೆ ಇರೋ ಎರಡನೇ ಬ್ರೇಕಿನ ಮ್ಯಾಲೆ ಎಡಗಾಲು ಇಟ್ಕೊಂಡು ಕಾಯೋದೇ ನನ್ನ ಕೆಲಸ.

ಮೊನ್ನೆ ಶಾಪಿಂಗ್ ಮಾಲ್‌ನ್ಯಾಗ ಕಾರು ಓಡಿಸೋ ಆಟದ ರೇಸಿಂಗ್ ಸಿಮ್ಯುಲೇಟರ್ ಕಂಡು, ಇದ್ಯಾವ ದೊಡ್ಡ ಮಾತು ಅಂತ ಏರಿ ಕೂತೆ. ಅದನ್ನ ನೋಡ್ಕೊಳ್ಳಾಕಿ ಧಾರವಾಡದ ಸ್ಮಿತಾ. ಪರದೆ ಮ್ಯಾಲೆ ಎರಡೇ ಬಾಗಿಲಿನ ಸ್ಪೋರ್ಟ್ಸ್ ಕಾರು ಆರಿಸಿಕೊಟ್ಲು.

"ಭಾಳ ಹಗುರ ಅದರೀ. ಇಂಜಿನ್ನಿನ ಬಲ ಎಲ್ಲಾ ಹಿಂದಿನ ಗಾಲಿಗೇ. ತಿರುವಿನ್ಯಾಗ ಬ್ರೇಕ್ ಒತ್ತಬ್ಯಾಡ್ರಿ, ಗಿರ್ರನೆ ತಿರುಗಿಬಿಡತದ."

ನನಗ ಬ್ರೇಕಿನ ಪಾಠ ಹೇಳ್ತಾಳಲ್ಲ ಅಂತ ಸಿಟ್ಟು ಬಂತು.

ಮೊದಲನೇ ತಿರುವಿನ್ಯಾಗೇ ಕಾರು ಬುಗುರಿಯಂಗ ತಿರುಗಿ ಹುಲ್ಲಿನ್ಯಾಗ ಹೋಗಿ ನಿಂತ್ತು. ಮುಂದಿನ ತಿರುವಿನ್ಯಾಗೂ ಅದೇ ಹಣೆಬರಹ. ಹಿಂದ ಸ್ಮಿತಾ ಕಂಪ್ಯೂಟರ್ ಮುಂದ ಕೂತು ಏನೋ ಕುಟ್ಟತಿದ್ಲು. ನನಗ ಪಕ್ಕಾ ಸಂಶಯ ಬಂತು.

"ನಿಮ್ಮ ಕಡೆನೂ ಒಂದು ಬ್ರೇಕ್ ಅದ ಏನ್ರಿ?"

"ನನ್ನ ಕಡೆ ಯಾಕ ಇರತದ್ರಿ?"

"ಹಂಗಾದ್ರ ಒತ್ತಿದ್ದು ಯಾರು?"

ಆಕಿ ನನ್ನ ಓಟಾನ ಮತ್ತೊಮ್ಮೆ ಪರದೆ ಮ್ಯಾಲೆ ಹಾಕಿದ್ಲು. ಮೂಲ್ಯಾಗ ಬ್ರೇಕ್ ಒತ್ತಿದ್ದನ್ನ ತೋರಿಸೋ ಕೆಂಪು ಪಟ್ಟಿ, ತಿರುವು ಬಂದಾಗೊಮ್ಮೆ ಜಿಗೀತಿತ್ತು.

"ನಿಮ್ಮ ಎಡಗಾಲು ನೋಡ್ಕೊಳ್ರಿ" ಅಂದ್ಲು.

ನೋಡ್ಕೊಂಡೆ. ಆಟ ಮುಗದಿತ್ತು, ಕಾಲು ಮಾತ್ರ ಪರದೆ ಮ್ಯಾಲಿನ ತಿರುವು ನೋಡಿ ಪೆಡಲ್ ಒತ್ತಕೋಂತ ಇತ್ತು.

ಮರುದಿನ ಭೋಸರಿ ರಸ್ತ್ಯಾಗ ನಮ್ಮ ಸ್ಕೂಲಿನ ಕಾರು ಗಕ್ಕನೆ ನಿಂತ್ತು. ಕಲಿಯಾಕ ಬಂದಿದ್ದ ಹೆಣ್ಮಗಳೊಬ್ರು, ಬ್ರೇಕ್ ನೀವೇ ಒತ್ತಿದ್ರೇನು ಸರ್ ಅಂತ ಮರಾಠಿಯಾಗ ಕೇಳಿದ್ರು. ದಿನಾ ಥಟ್ಟನೆ "ನಾ ಅಲ್ಲ" ಅನ್ನಾಂವ, ಅವತ್ತು ಮೊದಲು ಬಗ್ಗಿ ಕಾಲು ನೋಡ್ಕೊಂಡೆ.