ಸಾಹೇಬನ ಕಾಲಿಗೆ ಮೂರು ಪಟ್ಟಿ

ಆ ಬೀದಿಯ ಟೈಲರಮ್ಮನಿಗೆ ಎರಡು ಕೆಲಸ. ಒಂದು ಹೊಟ್ಟೆಪಾಡಿಗೆ. ಇನ್ನೊಂದು ಯಾತಕ್ಕೆಂದು ಅವಳ ಗಂಡನಿಗೆ ಇವತ್ತಿಗೂ ಅರ್ಥವಾಗಿಲ್ಲ.

ಬೆಳಿಗ್ಗೆ ಷಟರ್ ಎತ್ತುವ ಹೊತ್ತಿಗೆ ಕಿವಿ ಹರಿದದ್ದು, ಕಜ್ಜಿ ಹತ್ತಿದ್ದು, ಕುಂಟುವುದು, ಹೀಗೆ ಬೀದಿನಾಯಿಗಳು ಅವಳ ಅಂಗಡಿಯ ಮೆಟ್ಟಿಲ ಮೇಲೆ ಹಾಜರಿರುತ್ತವೆ. ಅವಳು ಅಳತೆ ತೆಗೆಯುವಷ್ಟೇ ಗಂಭೀರವಾಗಿ ಒಂದೊಂದರ ಗಾಯ ನೋಡಿ, ತೊಳೆದು, ಮುಲಾಮು ಹಚ್ಚುತ್ತಾಳೆ. ಕೂಲಿ ಕೊಡುವ ಗಿರಾಕಿಗಳಲ್ಲ, ನಿಜ. ಆದರೆ ತೋಳು ಬಿಗಿಯಾಯಿತೆಂದು ಜಗಳಕ್ಕೆ ಬರುವವರೂ ಅಲ್ಲ.

"ಊರಿಗೆ ಉಪಕಾರಿ, ಮನೆಗೆ ಮಾರಿ. ನನ್ನ ಪ್ಯಾಂಟಿನ ಜಿಪ್ಪು ಹೋಗಿ ಎಷ್ಟು ದಿನ ಆಯ್ತು ಹೇಳು?" ಎಂದು ಗಂಡ ಕೆಣಕುವುದುಂಟು.

"ನೀವೂ ಮೆಟ್ಟಿಲ ಮೇಲೆ ಕೂತ್ಕೊಳ್ಳಿ. ಸರದಿ ಬಂದಾಗ ನೋಡ್ತೀನಿ."

ಈ ಗಿರಾಕಿಗಳಲ್ಲೆಲ್ಲ ಸಾಹೇಬನೇ ದೊಡ್ಡವನು. ಮುಖ ನೆರೆತ ಕಂದು ನಾಯಿ. ದಿನವಿಡೀ ಒಂದೊಂದು ಅಂಗಡಿಯ ಮುಂದೂ ನಿಂತು ತಪಾಸಣೆ ಮಾಡಿ ಹೋಗುತ್ತಾನೆಂದು ಅವಳೇ ಇಟ್ಟ ಹೆಸರು. ಅವನ ಹಿಂಗಾಲಿನ ಮೇಲೆ ಯಾರದೋ ಬೈಕು ಹತ್ತಿತು. ಅವಳು ಬೇಡಿಕೊಂಡದ್ದಕ್ಕೆ ಪಶುವೈದ್ಯರು ಬಂದು ನೋಡಿ, "ಪಟ್ಟಿ ಕಟ್ಟಿ, ಒಣಗೋಕೆ ಬಿಡಿ. ಮುಂದಿನ ಸಲ ನಾನು ಬಂದಾಗಲೂ ಗಾಯ ಹೀಗೇ ಹಸಿಯಾಗಿದ್ರೆ ಕಾಲು ತೆಗೀಬೇಕಾಗುತ್ತಮ್ಮಾ" ಎಂದು ಹೇಳಿ ಹೋದರು.

ಅವಳು ಬಿಳಿ ಹತ್ತಿಬಟ್ಟೆ ಹರಿದು ಚೊಕ್ಕಟವಾಗಿ ಕಟ್ಟಿದಳು. ಮರುದಿನ ಬೆಳಿಗ್ಗೆ ನೋಡಿದರೆ ಪಟ್ಟಿಯೇನೋ ಇತ್ತು, ಅವಳದ್ದಲ್ಲ. ಯಾರೋ ಕೆಲಸ ಬಾರದವನು ಕಟ್ಟಿದ್ದಾನೆಂದು ಬೈದುಕೊಂಡು ಬಿಚ್ಚಿ, ತೊಳೆದು, ಮತ್ತೆ ತನ್ನದನ್ನು ಕಟ್ಟಿದಳು. ಅದರ ಮರುದಿನವೂ ಅದೇ ಕಥೆ. ಗಾಯ ಮಾತ್ರ ಈಗಷ್ಟೇ ಆದಂತೆ ಕೆಂಪಗಿತ್ತು.

ಬಟ್ಟೆಯಲ್ಲಿ ಪಳಗಿದ ಕೈಗೆ ಬಟ್ಟೆ ಸುಳ್ಳು ಹೇಳುವುದಿಲ್ಲ. ಪಟ್ಟಿಯನ್ನು ಬೆರಳಲ್ಲಿ ಉಜ್ಜಿ ನೋಡಿದಳು: ಸೋಡಾ ಹಾಕಿ ಕುದಿಸಿ ಕುದಿಸಿ ನವೆದ ಹಾಸಿಗೆ ಬಟ್ಟೆ, ಮನೆಯದಲ್ಲ, ಲಾಡ್ಜಿನದು. ಸರಿ, ಅಷ್ಟು ತಿಳಿಯಿತು. ಆದರೆ ಸಾಹೇಬನ ಕಾಲಿಗೆ ಗಡ್ಡದ ಸೋಪಿನ ಘಮ ಯಾಕೆ? ಬಟ್ಟೆ ಒಂದು ಕಡೆಯದು, ವಾಸನೆ ಇನ್ನೊಂದು ಕಡೆಯದು. ಅವಳಿಗೆ ತಲೆಯೊಳಗೆ ಜೀರುಂಡೆ ಹೊಕ್ಕಂತಾಯಿತು. ಮಧ್ಯಾಹ್ನ ಅರ್ಧ ಹೊಲಿದ ಅಂಗಿಯನ್ನು ಮೆಷಿನ್ನಿನಲ್ಲೇ ಬಿಟ್ಟು ನಾಯಿಯ ಹಿಂದೆ ಹೊರಟಳು.

ಸಾಹೇಬ ಬೀದಿ ದಾಟಿ ನೇರ ಎದುರಿನ ಕ್ಷೌರದಂಗಡಿಗೆ ಹೋಗಿ ಕುರ್ಚಿಯ ಕೆಳಗೆ ಮಲಗಿದ. ಕ್ಷೌರಿಕ ಕುಕ್ಕರಗಾಲಲ್ಲಿ ಕೂತು ಅವಳ ಪಟ್ಟಿಗೆ ಕೈ ಹಾಕಿದ.

"ಓಹೋ, ಕಳ್ಳ ಸಿಕ್ಕಿದ!" ಎಂದಳು ಟೈಲರಮ್ಮ.

"ಬನ್ನಿ ಅಕ್ಕ, ನೀವೇ ನೋಡಿ. ದಿನಾ ಬೆಳಿಗ್ಗೆ ಯಾವ ಪುಣ್ಯಾತ್ಮನೋ ಗೋಣಿಚೀಲದ ಬಾಯಿ ಬಿಗಿದಂಗೆ ಕಟ್ಟಿರ್ತಾನೆ. ನಾನು ಬಿಚ್ಚಿ, ಸೋಪು ಹಾಕಿ ತೊಳೆದು, ಟವೆಲ್ ಸುತ್ತಿ ಕಳಿಸ್ತೀನಿ."

"ಆ ಪುಣ್ಯಾತ್ಮ ನಾನೇ."

ಕ್ಷೌರಿಕ ಕೆಮ್ಮಿದ. ಕೆಮ್ಮು ಮುಗಿದ ಮೇಲೆ ಅವನಿಗೂ ಕುತೂಹಲ ಹುಟ್ಟಿತು. "ಹಾಗಾದ್ರೆ ನನ್ನ ಟವೆಲ್ ಎಲ್ಲಿ ಹೋಗ್ತಿದೆ ಅಕ್ಕ?"

"ಅದನ್ನೂ ನೋಡೇಬಿಡೋಣ."

ಸಂಜೆ ಇಬ್ಬರೂ ಸಾಹೇಬನ ಬೆನ್ನು ಹಿಡಿದರು. ಲಾಡ್ಜಿನ ಹಿತ್ತಲಲ್ಲಿ ಬಟ್ಟೆ ಒಗೆಯುವ ತಾತ ಬೇಸಿನ್ನಿನಲ್ಲಿ ಬಿಸಿನೀರು ಇಟ್ಟುಕೊಂಡು ಕಾಯುತ್ತಿದ್ದ. "ಬಾರೋ ಮಗನೇ. ಇವತ್ತೂ ಆ ಹರಕು ಟವೆಲ್ ಸುತ್ತಿದಾನಾ ಮುಂಡೇದು?"

ಕ್ಷೌರಿಕನ ಕಿವಿ ಕೆಂಪಾಯಿತು. ಟೈಲರಮ್ಮನಿಗೆ ನಗು ಬಂದದ್ದು ಅರ್ಧಕ್ಕೇ ನಿಂತಿತು. ಬೆಳಿಗ್ಗೆ ಅವಳು, ಮಧ್ಯಾಹ್ನ ಇವನು, ಸಂಜೆ ತಾತ. ಮೂವರ ಪ್ರೀತಿಯ ನಡುವೆ ಆ ಗಾಯಕ್ಕೆ ಒಣಗಲು ಪುರಸೊತ್ತೇ ಸಿಕ್ಕಿರಲಿಲ್ಲ. ಕಾಲು ಹೋಗುವುದಿದ್ದರೆ ಬೈಕಿನಿಂದಲ್ಲ, ಇವರಿಂದಲೇ ಹೋಗುತ್ತಿತ್ತು.

ಒಬ್ಬರೇ ಕಟ್ಟಬೇಕು ಎಂಬುದಕ್ಕೆ ಮೂವರೂ ಒಪ್ಪಿದರು. ಆ ಒಬ್ಬರು ತಾನೇ ಆಗಬೇಕು ಎಂಬುದಕ್ಕೂ ಮೂವರೂ ಒಪ್ಪಿದರು. ಅಲ್ಲಿಂದ ಚೌಕಾಸಿ ಶುರುವಾಯಿತು. ಕ್ಷೌರಿಕ ತನ್ನ ಹಗುರ ಕೈಯ ಗುಣಗಾನ ಮಾಡಿದ. ಪಟ್ಟಿ ಎಂದರೆ ಕೊನೆಗೂ ಬಟ್ಟೆಯ ಕೆಲಸ ಎಂದು ಇವಳ ವಾದ. ತಾತ ವಾದಕ್ಕೆ ಬರಲಿಲ್ಲ, ಗಾಯ ತೊಳೆಯುತ್ತ ಕೂತಿದ್ದ. ಸಾಹೇಬ ಅವನ ತೊಡೆಯ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಿದ್ದ. ಟೈಲರಮ್ಮ ಅದನ್ನೇ ನೋಡಿದಳು. ತನ್ನ ಅಂಗಡಿಯಲ್ಲಿ ಇದೇ ಸಾಹೇಬನ ಕತ್ತು ಅದುಮಿ ಹಿಡಿಯದೆ ಪಟ್ಟಿ ಸುತ್ತಿದ ದಿನವಿಲ್ಲ. ಗಿರಾಕಿ ಅಂಗಡಿ ಆರಿಸಿಕೊಂಡ ಮೇಲೆ ಪಕ್ಕದವರು ಕೂಗಿ ಪ್ರಯೋಜನವೇನು?

"ಮೂರು ಜನ ದರ್ಜಿಗಳು ಹೊಲಿದ ಅಂಗಿಗೆ ತಲೆಯೇ ತೂರಲ್ಲ," ಎಂದಳು. "ತಾತ, ನೀವೇ ಕಟ್ಟಿ. ನಾವಿಬ್ರೂ ಮುಟ್ಟಲ್ಲ."

"ಮೊದಲು ನೀವು ಆಣೆ ಮಾಡಿ ಅಕ್ಕ," ಎಂದ ಕ್ಷೌರಿಕ.

ಆ ವಾರ ಟೈಲರಮ್ಮ ಪಟ್ಟ ಪಾಡು ಸಾಹೇಬನೂ ಪಟ್ಟಿರಲಾರ. ಬೆಳಿಗ್ಗೆ ಅವನು ಮೆಟ್ಟಿಲಿಗೆ ಬಂದು ಕಾಲು ಮುಂದಿಡುತ್ತಿದ್ದ. ತಾತನ ಗಂಟು ಸೊಟ್ಟ, ಅಂಚಿನಲ್ಲಿ ನೂಲು ಬೇರೆ ಎದ್ದಿರುತ್ತಿತ್ತು. ಅವಳ ಬೆರಳುಗಳು ತುರಿಸುತ್ತಿದ್ದವು. ಒಂದು ದಿನ ಕತ್ತರಿ ಹಿಡಿದು ಬಗ್ಗಿಯೂ ಬಿಟ್ಟಳು, ಆ ನೂಲೊಂದನ್ನು ಕತ್ತರಿಸಲು. ಎದುರಿನಿಂದ ಕ್ಷೌರಿಕನ ದನಿ ಬಂತು: "ಅಕ್ಕಾ!" ಕತ್ತರಿ ಹಿಂದಕ್ಕೆ ಹೋಯಿತು. ಅವನೂ ಬಾಗಿಲಲ್ಲಿ ಕೈ ಕಟ್ಟಿ ನಿಂತು ಇವಳನ್ನೇ ಕಾಯುತ್ತಿದ್ದ, ಇವಳು ಅವನನ್ನು ಕಾಯುತ್ತಿದ್ದಂತೆಯೇ.

ವೈದ್ಯರು ಬಂದಾಗ ಮೂವರೂ ಲಾಡ್ಜಿನ ಹಿತ್ತಲಲ್ಲಿ ಸೇರಿದರು. ಪಟ್ಟಿ ಬಿಚ್ಚಿದರೆ ಒಳಗೆ ಗುಲಾಬಿ ಬಣ್ಣದ ಹೊಸ ಚರ್ಮ. ವೈದ್ಯರು ಅದನ್ನು ಒತ್ತಿ ನೋಡಿ, "ಕಾಲು ಉಳೀತು. ಏನು ಔಷಧಿ ಹಾಕಿದ್ರಿ ತಾತ?" ಎಂದು ಕೇಳಿದರು.

"ಹೊಸದೇನೂ ಇಲ್ಲ ಸಾರ್," ಎಂದ ತಾತ. "ಇವರಿಬ್ಬರೂ ಸುಮ್ಮನಿದ್ರು."