ಹುಡುಕಮ್ಮನನ್ನು ಮುಂದೆ ಕಳಿಸಿದ್ದು

ನಮ್ಮತ್ತೆ ಇಪ್ಪತ್ತಾರು ವರ್ಷ ಬಸ್ ನಿಲ್ದಾಣದಲ್ಲಿ, ಕಳೆದುಹೋದ ವಸ್ತುಗಳ ಕಿಟಕಿಯ ಹಿಂದೆ ಕೂತು ಕೆಲಸ ಮಾಡಿದವರು. ಜನ ಬಸ್ಸಿನಲ್ಲಿ ಮರೆತು ಇಳಿದ ಛತ್ರಿ, ಚೀಲ, ಕನ್ನಡಕ, ಒಂದು ಸಲ ಹಲ್ಲಿನ ಸೆಟ್ಟು, ಎಲ್ಲಕ್ಕೂ ದಾರದಲ್ಲಿ ಚೀಟಿ ಕಟ್ಟಿ ಕಪಾಟಿನಲ್ಲಿಡುತ್ತಿದ್ದರು. ಹುಡುಕಿಕೊಂಡು ಬಂದವರು ಬರೀ ‘ಕಪ್ಪು ಛತ್ರಿ’ ಎಂದರೆ ಕೊಡುತ್ತಿರಲಿಲ್ಲವಂತೆ. “ಕಪ್ಪು ಛತ್ರಿ ನನ್ನ ಹತ್ರ ನಲವತ್ತಿವೆ. ಹಿಡಿ ಹೇಗಿತ್ತು? ಯಾವ ಕಡ್ಡಿ ಮುರಿದಿತ್ತು?” ಎಂದು ಕೇಳಿ, ಉತ್ತರ ಸರಿಹೋದರಷ್ಟೇ ಕಪಾಟಿನ ಬಾಗಿಲು ತೆಗೆಯುತ್ತಿದ್ದರು.

ನನ್ನ ಮಗಳು ಪುಟ್ಟಿ ಹುಟ್ಟಿದಾಗ ಒಂದು ತಿಂಗಳಿಗೆಂದು ನಮ್ಮ ಮನೆಗೆ ಬಂದರು. ಈಗ ಅವಳಿಗೆ ಮೂರು ತುಂಬಿದೆ. ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರಿಗೊಂದು ಬಾಡಿಗೆ ಕೋಣೆಯಿತ್ತು. ಅದನ್ನು ಯಾವಾಗ ಬಿಟ್ಟರು, ಸಾಮಾನು ಯಾರಿಗೆ ಕೊಟ್ಟರು ಎಂದು ನಾನು ಕೇಳಲೇ ಇಲ್ಲ.

ಕಥೆಯಾಟದ ವಿಷಯಕ್ಕೆ ಬರುತ್ತೇನೆ. ನಾನು ಹಲ್ಲಿನ ಆಸ್ಪತ್ರೆಯಲ್ಲಿ ಹೆಸರು ಬರೆದುಕೊಳ್ಳುವ ಮೇಜಿನಲ್ಲಿ ಕೂರುವವಳು. ಅಲ್ಲಿ ಕಟ್ಟುಹಲ್ಲು ಮಾಡುತ್ತಿದ್ದ ಟೆಕ್ನಿಷಿಯನ್ ಶನಿವಾರ ಮಧ್ಯಾಹ್ನ ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ಈ ಆಟ ಆಡಿಸುತ್ತಿದ್ದ. ಮೇಜಿನ ಸುತ್ತ ನಾಲ್ಕು ಜನ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಕಥೆಯೊಳಗಿನ ಒಬ್ಬೊಬ್ಬ ಮನುಷ್ಯರಾಗಿ ‘ನಾನು ಹೀಗೆ ಮಾಡುತ್ತೇನೆ’ ಎನ್ನುತ್ತಾರೆ. ಅಪಾಯ ಬಂದಾಗ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ದೊಡ್ಡ ಸಂಖ್ಯೆ ಬಿದ್ದರೆ ಬಚಾವು. ಅವನಿಗೆ ಬೇರೆ ಊರಿಗೆ ವರ್ಗವಾದಾಗ ದಾಳದ ಡಬ್ಬಿ, ನಿಯಮದ ಪುಸ್ತಕ ಎರಡೂ ನನ್ನ ಕೈಗೆ ಬಂದವು.

ಮೊದಲ ಸಲ ನಡೆಸಲು ಹದಿನಾಲ್ಕು ಪುಟ ಬರೆದುಕೊಂಡು ಹೋದೆ. ರಾಜನ ಮೂರು ತಲೆಮಾರಿನ ಚರಿತ್ರೆ, ಅರಮನೆಯ ನಕ್ಷೆ, ಮಂತ್ರಿಯ ಪಿತೂರಿ. ಆಡುವವರು ಹತ್ತು ನಿಮಿಷಕ್ಕೆ ಅರಮನೆಯಿಂದ ಹೊರಬಿದ್ದು ಎದುರುಗಡೆಯ ಹಿಟ್ಟಿನ ಗಿರಣಿ ನೋಡಬೇಕೆಂದರು. ಗಿರಣಿಯ ಬಗ್ಗೆ ನಾನು ಒಂದಕ್ಷರವೂ ಬರೆದಿರಲಿಲ್ಲ. “ಬೀಗ ಹಾಕಿದೆ” ಎಂದೆ. ಬೀಗ ಒಡೆದರು. ಆಮೇಲೆ ನಾನು ತಡವರಿಸಿದ್ದು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮನೆಗೆ ಬಂದು ಅಳುಮೋರೆ ಹಾಕಿಕೊಂಡು ಕೂತಾಗ ಅತ್ತೆ ಪುಟ್ಟಿಗೆ ಉಣ್ಣಿಸುತ್ತಿದ್ದರು.

“ಹದಿನಾಲ್ಕು ಪುಟ ಬರಿ ಅಂತ ಯಾರು ಹೇಳಿದ್ರು ನಿಂಗೆ? ಒಬ್ಬ ಮನುಷ್ಯನ ಚೀಲ ಬಿಚ್ಚಿ ನೋಡು, ಸಾಕು. ಅವನು ಎಲ್ಲಿಂದ ಬಂದ, ಎಲ್ಲಿಗೆ ಹೊರಟಿದ್ದ, ಯಾರಿಗೆ ಹೆದರ್ತಾನೆ, ಎಲ್ಲ ಅದರಲ್ಲೇ ಇರುತ್ತೆ.”

ಅಂದಿನಿಂದ ನನ್ನ ತಯಾರಿ ಒಂದೇ ಪುಟ. ಕಥೆಯಲ್ಲಿ ಎದುರಾಗುವ ಪ್ರತಿ ಮನುಷ್ಯನ ಚೀಲದಲ್ಲಿ ಮೂರು ವಸ್ತು, ಪ್ರತಿ ಕೋಣೆಯಲ್ಲಿ ಮೂರು ವಸ್ತು. ಗಿರಣಿಯವನ ಚೀಲದಲ್ಲಿ ಮಗುವಿನ ಒಂಟಿ ಚಪ್ಪಲಿ ಇಟ್ಟ ದಿನ ಆಟ ಸಂಜೆ ಆರು ಹೊಡೆದರೂ ಮುಗಿಯಲಿಲ್ಲ.

ಮುಂದೊಂದು ಶನಿವಾರ ಆಡುವವರಲ್ಲಿ ಒಬ್ಬರು ಕಡಿಮೆಯಾದರು. ನೀರು ಶುದ್ಧ ಮಾಡುವ ಘಟಕದಲ್ಲಿ ಪಾಳಿ ಕೆಲಸ ಮಾಡುವ ನಮ್ಮವರು ಅಂದು ಮನೆಯಲ್ಲಿದ್ದರು, ಪುಟ್ಟಿಯನ್ನು ನೋಡಿಕೊಂಡರು. ಅತ್ತೆಯನ್ನು ಕರೆದುಕೊಂಡು ಹೋದೆ. ಅಲ್ಲಿ ಡ್ರಾಯಿಂಗ್ ಮೇಷ್ಟ್ರದ್ದೊಬ್ಬ ಮಂತ್ರವಾದಿ, ಔಷಧಿ ಅಂಗಡಿ ಹುಡುಗಿಯದ್ದೊಬ್ಬಳು ಕಳ್ಳಿ. ಅತ್ತೆ ಯೋಚಿಸಿ ಯೋಚಿಸಿ ಒಬ್ಬಳನ್ನು ಮಾಡಿಕೊಂಡರು: ಅರವತ್ತು ವರ್ಷದ ಹುಡುಕಮ್ಮ. ಕತ್ತಿಯಿಲ್ಲ, ಮಂತ್ರವಿಲ್ಲ. ಊರೂರು ಅಲೆದು ಜನ ಕಳೆದುಕೊಂಡದ್ದನ್ನು ಹುಡುಕಿಕೊಡುತ್ತಾಳೆ.

“ಇವರು ನಮ್ಮನ್ನೆಲ್ಲ ಹಿಂದೆ ಹಾಕ್ತಾರೆ ನೋಡ್ತಿರಿ” ಎಂದರು ಮೇಷ್ಟ್ರು.

ನಮ್ಮವರ ಪಾಳಿಯೂ ಕೂಡಿಬಂದು ಒಂಬತ್ತು ವಾರ ಅತ್ತೆ ತಪ್ಪಿಸಲಿಲ್ಲ. ಶನಿವಾರ ಎರಡು ಗಂಟೆಗೇ ಮೆಟ್ಟಿಲ ಮೇಲೆ ಕೂತು, “ನೋಡು ಪುಟ್ಟೀ, ನಿಮ್ಮಮ್ಮ ಇನ್ನೂ ತಲೆ ಬಾಚ್ತಿದ್ದಾಳೆ. ಅಲ್ಲಿ ಮಂತ್ರವಾದಿ ಕಾದು ಕಾದು ಮುದುಕ ಆಗಿರ್ತಾನೆ” ಎಂದು ನನಗೆ ಕೇಳುವಂತೆ ಹೇಳುವರು. ಒಂಬತ್ತನೆಯ ವಾರ ಆಟ ಕಣಿವೆಯೊಂದರ ಅಂಚಿನಲ್ಲಿ, ಹಳೆಯ ಹಗ್ಗದ ಸೇತುವೆಯ ಮುಂದೆ ನಿಂತಿತು.

ಹತ್ತನೆಯ ಶನಿವಾರ ಪುಟ್ಟಿಗೆ ಜ್ವರ. ನಮ್ಮವರಿಗೆ ಎರಡು ಪಾಳಿ. ಅತ್ತೆ ಆಗಲೇ ಸೀರೆ ಬದಲಿಸಿ, ಕನ್ನಡಕವನ್ನು ಪರ್ಸಿಗೆ ಹಾಕಿಕೊಂಡಿದ್ದರು. ನಾನು ಬಾಗಿಲಲ್ಲಿ ಚೀಲ ಹಿಡಿದು ನಿಂತೆ. ಅವರು ನನ್ನ ಮುಖ ನೋಡಿದರು.

“ನೀನು ಹೋಗು. ನೀನಿಲ್ದೆ ಆಟ ನಡೆಯಲ್ಲ. ನಾನಿಲ್ದೆ ನಡೆಯುತ್ತೆ.”

ಬಾಯಿಮಾತಿಗಾದರೂ ಬೇಡವೆನ್ನಬಹುದಿತ್ತು. ಅನ್ನಲಿಲ್ಲ. ಚಪ್ಪಲಿ ಮೆಟ್ಟಿಕೊಂಡೆ.

ಸೇತುವೆಯ ಮುಂದೆ ಮೊದಲು ಯಾರು ಹೋಗುವುದೆಂಬ ಪ್ರಶ್ನೆ ಬಂತು. ತನ್ನ ಮಂತ್ರವಾದಿಗೆ ಎತ್ತರ ಕಂಡರೆ ತಲೆ ತಿರುಗುತ್ತದೆ ಎಂದರು ಮೇಷ್ಟ್ರು. ದೀಪ ತನ್ನ ಕೈಯಲ್ಲಿದೆ, ಆರಿದರೆ ಕಷ್ಟ ಎಂದಳು ಔಷಧಿ ಅಂಗಡಿ ಹುಡುಗಿ. ನನಗೆ ಕಥೆ ಮುಂದೆ ಹೋಗಬೇಕಿತ್ತು, ಬೇಗ ಮುಗಿಸಿ ಮನೆಗೂ ಹೋಗಬೇಕಿತ್ತು.

“ಹುಡುಕಮ್ಮ ಹೋಗ್ತಾಳೆ ಬಿಡಿ” ಎಂದೆ.

ಅವಳ ಪರವಾಗಿ ಹುಡುಗಿ ದಾಳ ಉರುಳಿಸಿದಳು. ಎರಡು. ಹಗ್ಗ ಹಿಡಿದುಕೊಳ್ಳಲು ಇನ್ನೊಂದು ಅವಕಾಶವಿತ್ತು. ಒಂದು. ನಿಯಮದ ಪ್ರಕಾರ ಅದಕ್ಕಿಂತ ಕೆಳಗೆ ಏನೂ ಇಲ್ಲ. ಹುಡುಕಮ್ಮ ಕಣಿವೆಗೆ ಬಿದ್ದು ಸತ್ತಳು.

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಹುಡುಗಿ ಮೆಲ್ಲಗೆ ಹೇಳಿದಳು, “ಅಕ್ಕಾ, ಅವರನ್ನ ಹಿಂದೆ ಕುದುರೆ ಕಾಯೋಕೆ ಬಿಟ್ಟು ಬಂದಿದ್ವಿ ಅನ್ನಬಹುದಿತ್ತಲ್ಲ?”

ಅನ್ನಬಹುದಿತ್ತು. ಟೆಕ್ನಿಷಿಯನ್ ನನಗೆ ಹೇಳಿಕೊಟ್ಟ ಮೊದಲ ಪಾಠಗಳಲ್ಲಿ ಅದೂ ಒಂದು: ಬಾರದವರ ಪಾತ್ರವನ್ನು ಮುಟ್ಟಬಾರದು, ಕುದುರೆಗಳ ಹತ್ತಿರ ಕೂರಿಸಿಬಿಡಬೇಕು, ಅವರಿಗೆ ಏನೂ ಆಗಕೂಡದು.

“ಹೇಳೋದೇ ಬೇಡ. ಮುಂದಿನ ವಾರ ನಿಮ್ಮತ್ತೆ ಬಂದಾಗ ಹುಡುಕಮ್ಮ ಇರ್ತಾಳೆ, ಅಷ್ಟೇ” ಎಂದರು ಮೇಷ್ಟ್ರು.

ಮನೆಗೆ ಬಂದಾಗ ಪುಟ್ಟಿಯ ಜ್ವರ ಇಳಿದಿತ್ತು. ಅತ್ತೆಯ ತೊಡೆಯ ಮೇಲೆ ನಿದ್ದೆಹೋಗಿದ್ದಳು. ಕಾಲು ಜೋಮು ಹಿಡಿದಿದ್ದರೂ ಅವರು ಅಲುಗಾಡಿರಲಿಲ್ಲ.

“ಸೇತುವೆ ದಾಟಿದ್ರಾ?”

“ಇಲ್ಲ ಅತ್ತೆ. ಮಾತಲ್ಲೇ ಹೊತ್ತು ಹೋಯ್ತು.”

ಸುಳ್ಳು ಅಷ್ಟು ಸಲೀಸಾಗಿ ಬಂತು. ಆಮೇಲಿನ ಆರು ದಿನ ಅದನ್ನು ಇಟ್ಟುಕೊಂಡೇ ಓಡಾಡಿದೆ. ಮಂಗಳವಾರ ತರಕಾರಿ ಹೆಚ್ಚುತ್ತಾ ಅತ್ತೆ, ಸೇತುವೆಯ ಹಲಗೆಗಳ ಮೇಲೆ ಮೊದಲು ಮೂಟೆಯೊಂದನ್ನು ಎಳೆದು ನೋಡಬೇಕು, ತಡೆದರೆ ಮನುಷ್ಯರು ಹೋಗಬಹುದು ಎಂದರು. ಗುರುವಾರ ನಾನು ಕೆಲಸದಿಂದ ಬಂದಾಗ ಅವರೂ ಪುಟ್ಟಿಯೂ ಎರಡು ಕುರ್ಚಿಗಳ ನಡುವೆ ಬೂಟಿನ ಲೇಸು ಕಟ್ಟಿ, ಐಸ್‌ಕ್ರೀಮ್ ಕಡ್ಡಿಗಳನ್ನು ಹಲಗೆಗಳಂತೆ ಜೋಡಿಸಿ, ಅದರ ಮೇಲೆ ಸೋಪಿನ ಡಬ್ಬಿ ಎಳೆಯುತ್ತಿದ್ದರು. “ಬೀಳಲ್ಲ ಅಮ್ಮಾ, ಅಜ್ಜಿ ಬೀಳಲ್ಲ!” ಎಂದು ಪುಟ್ಟಿ ಕುಣಿದಳು. ನಾನು ಮುಖ ತೊಳೆಯುವ ನೆಪ ಮಾಡಿ ಬಚ್ಚಲಿಗೆ ಹೋದೆ.

ಶುಕ್ರವಾರ ತಾರಸಿಯಲ್ಲಿ ಒಣಗಿದ ಬಟ್ಟೆ ಮಡಿಸುವಾಗ ಹೇಳಿದೆ.

“ಅತ್ತೆ, ಹುಡುಕಮ್ಮ ಹೋದಳು. ಹೋದ ವಾರವೇ.”

ಅವರ ಕೈ ನಿಲ್ಲಲಿಲ್ಲ. “ಎಷ್ಟನೇ ಹಲಗೆ?”

“ಏಳೋ ಎಂಟೋ...”

“ಏಳೋ ಎಂಟೋ?”

“ಏಳು.”

“ಕೈಯಲ್ಲಿ ಏನಿತ್ತು?”

“ಅಷ್ಟೆಲ್ಲ ಯೋಚಿಸಿರಲಿಲ್ಲ.”

“ಮುಂದೆ ಯಾರಿದ್ರು?”

“ಯಾರೂ ಇಲ್ಲ. ಅವಳೇ ಮೊದಲು.”

ಈಗ ತಲೆಯೆತ್ತಿದರು. “ಅವಳು ಹೋಗ್ತೀನಿ ಅಂದ್ಲಾ?”

“ಇಲ್ಲ. ನಾನು ಅಂದೆ.”

“ಒಂಬತ್ತು ವಾರದಲ್ಲಿ ಒಂದು ದಿನವಾದ್ರೂ ಅವಳು ಮುಂದೆ ಹೋಗಿದ್ದು ನೋಡಿದ್ಯಾ?”

ನೆನಪು ಕೆದಕಿದೆ. ಒಂದು ದಿನವೂ ಇಲ್ಲ. ಹುಡುಕಮ್ಮ ಯಾವಾಗಲೂ ಕೊನೆಯಲ್ಲಿ, ಮುಂದಿನವರು ಬೀಳಿಸಿಕೊಂಡದ್ದನ್ನು ನೋಡುತ್ತಾ ಬರುವವಳು.

“ಮನೇಲಿ ಏನಾದ್ರೂ ಬಂದ್ರೆ ನಾನೇ ಮೊದಲು ಏಳ್ತೀನಿ. ಆಗಲಿ. ಅದು ನಾನು” ಎಂದರು ಅತ್ತೆ, ಪುಟ್ಟಿಯ ಫ್ರಾಕಿನ ತೋಳು ನೇರ ಮಾಡುತ್ತಾ. “ಅವಳು ನಾನಲ್ಲಮ್ಮ.”

ಬದುಕಿಸಿಬಿಡುತ್ತೇನೆ, ಕೊಂಬೆಗೆ ಸಿಕ್ಕಿಕೊಂಡಿದ್ದಳು ಎಂದರಾಯಿತು, ಎಂದೆಲ್ಲ ಬಡಬಡಿಸಿದೆ. “ಬೇಡ” ಎಂದರು. “ಬಿದ್ದಳು ಅಂತ ಮೂರು ಜನಕ್ಕೆ ಗೊತ್ತಿದೆ. ನನಗೋಸ್ಕರ ಸುಮ್ನೆ ಆಡಿಸ್ತೀರಿ. ಪುಟ್ಟಿನ ಆಡಿಸಿದ ಹಾಗೆ.” ಬಟ್ಟೆಯ ರಾಶಿ ಎತ್ತಿಕೊಂಡು ಇಳಿದುಹೋದರು.

ಆ ಶನಿವಾರ ಅವರು ಆಟಕ್ಕೆ ಸಿದ್ಧವಾಗಲಿಲ್ಲ. ಎಲ್ಲಿಗೆಂದು ಹೇಳದೆ ಊಟ ಮುಗಿಸಿ ಹೊರಗೆ ಹೋದರು. ನಾನು ಆಟ ಮುಂದೂಡಿ ಪುಟ್ಟಿಯ ಜೊತೆ ಉಳಿದೆ. ಅವಳು ಮಲಗಿದಾಗ ಹಳೆಯ ಡೈರಿಗಳನ್ನು ತೆಗೆದು ಕೂತೆ. ಮೂರು ವರ್ಷದ್ದು. ‘ಪುಟ್ಟಿಯನ್ನು ಅತ್ತೆ ನೋಡಿಕೊಂಡರು’, ‘ಅತ್ತೆ ಇದ್ದರು, ಸದ್ಯ’, ‘ಅತ್ತೆಗೆ ಬಿಟ್ಟು ಹೋದೆ’. ಪುಟಕ್ಕೊಂದರಂತೆ. ‘ಅತ್ತೆಯನ್ನು ಕೇಳಿದೆ’ ಎಂಬುದು ಒಂದೇ ಕಡೆ ಸಿಕ್ಕಿತು. ಇಸ್ತ್ರಿ ಪೆಟ್ಟಿಗೆ ಎಲ್ಲಿದೆಯೆಂದು ಕೇಳಿದ್ದು.

ಮರುವಾರ ಅವರಿಗೆ ಹೇಳಿದೆ, “ಅತ್ತೆ, ನೀವು ಬರ್ತೀರಾ? ಬರದಿದ್ರೂ ಪರವಾಗಿಲ್ಲ. ಪುಟ್ಟಿಗೆ ಅವರಪ್ಪ ಇದ್ದಾರೆ.” ಎರಡು ಗಂಟೆಗೆ ಸೀರೆ ಬದಲಿಸಿದರು.

ಹೊಸ ಪಾತ್ರದ ಹಾಳೆಯನ್ನು ಮೇಜಿನ ಮೇಲಿಟ್ಟರು. ಸಾಹುಕಾರಿಣಿ. ಎಲ್ಲಿಗೆ ಹೋದರೂ ನಾಲ್ಕು ಆಳು ಹೊರುವ ಕುರ್ಚಿ.

“ಇವರು ಏನು ಮಾಡ್ತಾರಮ್ಮ?” ಎಂದು ಕೇಳಿದರು ಮೇಷ್ಟ್ರು.

“ಕೂತ್ಕೋತಾಳೆ.”

ಔಷಧಿ ಅಂಗಡಿ ಹುಡುಗಿ ಬಾಯಿಗೆ ಕೈಯಿಟ್ಟು ನಕ್ಕಳು. ಗುಹೆಯ ಬಾಯಿ ಬಂದಾಗ ಒಳಗೆ ಮೊದಲು ಯಾರು ಹೋಗುವುದೆಂಬ ಮಾತೆದ್ದಿತು. ಮೂವರೂ ಅರಿವಿಲ್ಲದೆ ಅತ್ತೆಯ ಕಡೆ ತಿರುಗಿದೆವು.

“ನೋಡ್ಬೇಡಿ ನನ್ನ. ಕೂತಿದ್ದಾಳೆ ಅಂದ್ನಲ್ಲ.”

ನಾನು “ಯಾರು ಹೋಗ್ತೀರಿ?” ಎಂದು ಕೇಳಿ ಸುಮ್ಮನಾದೆ. ಕಥೆ ನಡೆಸುವವಳಿಗೆ ಅಷ್ಟು ಹೊತ್ತು ಸುಮ್ಮನಿರುವುದು ಎಷ್ಟು ಕಷ್ಟವೆಂದು ಅಂದು ತಿಳಿಯಿತು. ಕೊನೆಗೆ ಮೇಷ್ಟ್ರು ಗಂಟಲು ಸರಿಮಾಡಿಕೊಂಡು ತಮ್ಮ ಮಂತ್ರವಾದಿಯನ್ನು ಮುಂದೆ ಕಳಿಸಿದರು.

ಭಾನುವಾರ ಬೆಳಿಗ್ಗೆ ನಾನು ಇದನ್ನೇ ಬರೆಯುತ್ತಿದ್ದೆ. ಅತ್ತೆ ಕಿಟಕಿಯ ಬಳಿ ಪೇಪರ್ ಓದುತ್ತಿದ್ದರು. ಒಳಗಿನಿಂದ ಪುಟ್ಟಿ “ನೀರು!” ಎಂದು ಕೂಗಿದಳು. ನಾನು ತಲೆಯೆತ್ತಿದೆ. ಅತ್ತೆಯೂ ಪೇಪರಿನ ಮೇಲಿಂದ ನೋಡಿದರು. ಆಮೇಲೆ ಪುಟ ತಿರುಗಿಸಿದರು.

ಪೆನ್ನು ಮುಚ್ಚಿಟ್ಟು ಎದ್ದೆ. ಆದರೆ ಕೂಗು ಕೇಳಿದಾಗ ನನ್ನ ಕಣ್ಣು ಮೊದಲು ಯಾರ ಕಡೆ ಹೋಯಿತೆಂದು ಅವರು ನೋಡಿದ್ದರು.