ದೊರೆ ಕೂತ ಕಡೆ

ಜಡಿಗೇನಹಳ್ಳಿ ಹೋಬಳಿಯ ಬೈಲಪ್ಪನಿಗೆ ಎಲ್ಲ ಕೆಲಸವೂ ಬರುತ್ತಿತ್ತು, ಸುಮ್ಮನೆ ಕೂರುವುದೊಂದು ಬರುತ್ತಿರಲಿಲ್ಲ. ಊಟಕ್ಕೆ ಕೂತರೂ ಒಂದು ಮಂಡಿ ಎತ್ತಿಕೊಂಡೇ ಕೂರುತ್ತಿದ್ದ, ಯಾರಾದರೂ ಕೂಗಿದರೆ ಎದ್ದು ಓಡಲು ಅನುಕೂಲವಾಗಲಿ ಎಂಬಂತೆ. ವಯಸ್ಸು ಅರವತ್ತೆರಡು. ಎಡಮಂಡಿ ಒಳಕ್ಕೆ ವಾಲಿದೆ, ಚಳಿಗಾಲದಲ್ಲಿ ಕಟಕಟ ಅನ್ನುತ್ತದೆ. ಆದರೂ ನಡಿಗೆಯಲ್ಲಿ ಊರಿನ ಹುಡುಗರು ಅವನ ಹಿಂದೆಯೇ ಉಳಿಯುತ್ತಿದ್ದರು.

ಆ ಮಂಡಿಗೆ ಒಂದು ಹಳೆಯ ಕಥೆಯಿದೆ. ಎಂಟನೇ ವಯಸ್ಸಿಗೇ ಬೈಲಪ್ಪನ ತಲೆಗೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಏರಿತ್ತು. ತೋಟದಿಂದ ಮನೆಗೆ ಎರಡು ಮೈಲಿ. ಅರ್ಧ ದಾರಿಯಲ್ಲಿ, ಕೆರೆ ಏರಿಯ ಕೆಳಗೆ, ಹೊರೆ ಹೊತ್ತವರು ದಣಿವಾರಿಸಿಕೊಳ್ಳಲೆಂದು ಹಿಂದಿನವರು ಹಾಕಿಸಿದ ಒಂದು ಚಪ್ಪಡಿಕಲ್ಲು. ದೊಡ್ಡವರು ಅಲ್ಲಿ ಹೊರೆ ಇಳಿಸಿ, ಬೀಡಿ ಹಚ್ಚಿ, ಲೋಕದ ಮಾತೆಲ್ಲ ಆಡುತ್ತಿದ್ದರು. ಒಂದು ದಿನ ತಾನೂ ಕೂರಲು ಹೋದಾಗ ಅಪ್ಪ, "ನಡಿಯೋ ನಡಿ, ಈಗ್ಲೇ ಕೂತ್ರೆ ಕಾಲು ಗಟ್ಟಿಯಾಗಾಕಿಲ್ಲ" ಎಂದಿದ್ದ. ಅಪ್ಪ ಕೆಟ್ಟವನೇನಲ್ಲ, ಅವನ ಅಪ್ಪ ಅವನಿಗೆ ಹೇಳಿದ್ದೂ ಅದನ್ನೇ. ಬೈಲಪ್ಪ ನಡೆದ. ಆ ಕಲ್ಲಿನ ಪಕ್ಕ ಐವತ್ತು ವರ್ಷ ಓಡಾಡಿದ, ಒಂದು ಸಲವೂ ಕೂರಲಿಲ್ಲ.

ಹೋದ ವರ್ಷ ದೀಪಾವಳಿಗೆ ಮಗಳು ಮಮತ ಸಮೇತನಹಳ್ಳಿಯ ಗಂಡನ ಮನೆಯಿಂದ ಬರುವಾಗ ಒಂದು ಲ್ಯಾಬ್ರಡಾರ್ ಮರಿ ತಂದಳು. ಅಲ್ಲಿನ ಫಾರ್ಮ್‌ಹೌಸಿನವರು ಕೊಟ್ಟಿದ್ದಂತೆ. ಜೋಳದ ಬಣ್ಣ, ಮೈಗಿಂತ ದೊಡ್ಡ ಪಾದ, ಯಾರು ಕರೆದರೂ ಬಾಲವಾಡಿಸುವ ಧಾರಾಳ ಮನಸ್ಸು. ಬೈಲಪ್ಪ ಅದಕ್ಕೆ ದೊರೆ ಎಂದು ಹೆಸರಿಟ್ಟ. ದೊರೆ ಮೊದಲ ರಾತ್ರಿಯೇ ಅವನ ಟವೆಲ್ಲಿನ ಮೇಲೆ ಮಲಗಿ, ಆ ಟವೆಲ್ಲು ತನ್ನದೆಂದು ತೀರ್ಮಾನ ಮಾಡಿಕೊಂಡಿತು.

ಮರಿ ದಿನದಿನಕ್ಕೆ ಉದ್ದವಾಯಿತು. ನಾಲ್ಕು ತಿಂಗಳಿಗೇ ಬೈಲಪ್ಪ ಅದನ್ನು ತೋಟಕ್ಕೆ ಕರೆದೊಯ್ಯತೊಡಗಿದ. ಅವನು ಟಿವಿಎಸ್ ಮೇಲೆ, ಅದು ಹಿಂದೆ. ಹೋಗುತ್ತ ಎರಡು ಮೈಲಿ, ಸೊಪ್ಪಿನ ಹೊರೆಯೊಂದಿಗೆ ಬರುತ್ತ ಎರಡು ಮೈಲಿ. ಮರಿ ನಾಲಿಗೆ ಚಾಚಿ ಓಡುತ್ತಿತ್ತು. ಗಾಡಿ ಮುಂದೆ ಹೋದಷ್ಟೂ ಓಡುತ್ತಿತ್ತು, ಯಾಕೆಂದರೆ ಗಾಡಿಯ ಮೇಲೆ ಬೈಲಪ್ಪನಿದ್ದ. ಎದುರು ಸಿಕ್ಕವರು, "ಏನಣ್ಣ, ಪೊಲೀಸ್ ಕೆಲ್ಸಕ್ಕೆ ಸೇರಿಸ್ತೀಯಾ?" ಎಂದು ರೇಗಿಸಿದರೆ ಅವನಿಗೆ ಹೆಮ್ಮೆ. "ಕಾಲು ಗಟ್ಟಿಯಾಗ್ಲಿ ಅಂತ ಕಣಪ್ಪ" ಎನ್ನುತ್ತಿದ್ದ. ಅದು ತನ್ನ ಅಪ್ಪನ ಮಾತು ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಒಂದು ಬೆಳಿಗ್ಗೆ ದೊರೆ ಎಂದಿನಂತೆ ಎಗರಿ ಬರಲಿಲ್ಲ. ಗಾಡಿಯ ಸದ್ದು ಕೇಳಿ ಎದ್ದೇನೋ ಎದ್ದಿತು, ಆದರೆ ಹಿಂದಿನ ಎಡಗಾಲು ನೆಲಕ್ಕೆ ತಾಗಿಸದೆ ಮೂರೇ ಕಾಲಲ್ಲಿ ಕುಂಟುತ್ತ ಬಂತು. ಬಂದು, ಓಡಲು ತಯಾರು ಎಂಬಂತೆ ಬಾಲವಾಡಿಸಿತು. ಬೈಲಪ್ಪ ಗಾಡಿ ನಿಲ್ಲಿಸಿ ಅದನ್ನು ಎತ್ತಿಕೊಂಡ.

ಪಶು ಆಸ್ಪತ್ರೆಯ ಡಾಕ್ಟರ್ ಭಾನುಪ್ರಿಯಾ ಮರಿಯ ಸೊಂಟ, ತೊಡೆ, ಮಂಡಿ ಎಲ್ಲ ನಿಧಾನಕ್ಕೆ ಒತ್ತಿ ನೋಡಿದರು. ಎಕ್ಸ್‌ರೇ ತೆಗೆಸಲು ಹೇಳಿದರು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ಯಜಮಾನ್ರೇ, ಮೂಳೆ ಮುರಿದಿಲ್ಲ. ಆದ್ರೆ ಈ ತುದಿಗಳು ನೋಡಿ, ಇನ್ನೂ ಹಸಿ. ಇಲ್ಲೇ ಮೂಳೆ ಬೆಳೆಯೋದು. ದೊಡ್ಡ ಜಾತಿ ನಾಯಿಗೆ ಇದು ಗಟ್ಟಿಯಾಗೋಕೆ ವರ್ಷದ ಮೇಲಾಗುತ್ತೆ" ಎಂದರು.

"ಮತ್ತೆ ಓಡ್ತಿತ್ತಲ್ಲ ತಾಯಿ? ಸುಸ್ತಾದ್ರೆ ನಿಲ್ಲಲ್ವಾ?"

"ಅದರಷ್ಟಕ್ಕೆ ಅದು ಆಡಿದ್ರೆ ನಿಲ್ಲುತ್ತೆ. ನಿಮ್ಮ ಹಿಂದೆ ಓಡಿದ್ರೆ ನಿಲ್ಲಲ್ಲ. ನೀವೆಲ್ಲಿ ಬಿಟ್ಟುಹೋಗ್ತೀರೋ ಅಂತ ನೋವು ನುಂಗ್ಕೊಂಡು ಓಡುತ್ತೆ."

ಬೈಲಪ್ಪ ತಲೆ ತಗ್ಗಿಸಿದ. ಕಾಲು ಸರಿಹೋಗುತ್ತದೆಯೇ ಎಂದು ಕೇಳಿದ್ದಕ್ಕೆ ಡಾಕ್ಟರಮ್ಮ ಮುಚ್ಚುಮರೆ ಮಾಡಲಿಲ್ಲ. ಆರು ವಾರ ಓಟ, ನೆಗೆತ, ಮೆಟ್ಟಿಲು ಏನೂ ಕೂಡದು. ನುಣ್ಣನೆಯ ಟೈಲ್ಸ್ ಮೇಲೆ ಬಿಡಬಾರದು. ಮೈ ದಪ್ಪವಾಗಬಾರದು. ಸರಿಹೋದರೆ ಹೋಯಿತು, ಇಲ್ಲದಿದ್ದರೆ ಜೀವಮಾನವೆಲ್ಲ ಕುಂಟು ಎಂದರು.

ಅಂದಿನಿಂದ ದೊರೆಗೆ ರೇಷ್ಮೆ ಹುಳು ಸಾಕುವ ಮನೆಯ ಹೊರಜಗಲಿಯಲ್ಲಿ, ಗೋಣಿಚೀಲದ ಹಾಸಿನ ಮೇಲೆ ವಾಸ. ಆದರೆ ಟಿವಿಎಸ್ ಸದ್ದಾದರೆ ಸಾಕು, ಹಗ್ಗ ಜಗ್ಗಿ ಎಗರುತ್ತಿತ್ತು. ಅದಕ್ಕೇ ಬೈಲಪ್ಪ ಗಾಡಿಯನ್ನು ಸ್ಟಾರ್ಟ್ ಮಾಡದೆ ತಳ್ಳಿಕೊಂಡೇ ಊರಾಚೆಯ ಹುಣಸೆಮರದವರೆಗೆ ಹೋಗಿ, ಅಲ್ಲಿ ಸ್ಟಾರ್ಟ್ ಮಾಡತೊಡಗಿದ. ಬರುವಾಗಲೂ ಅಲ್ಲೇ ನಿಲ್ಲಿಸಿ, ಸೊಪ್ಪಿನ ಹೊರೆಯ ಸಮೇತ ತಳ್ಳಿಕೊಂಡು ಬರುತ್ತಿದ್ದ. ಮಂಡಿ ಕಟಕಟ ಅನ್ನುತ್ತಿತ್ತು.

"ಏನಣ್ಣ, ದಿನಾ ಪೆಟ್ರೋಲ್ ಖಾಲೀನಾ?" ಎಂದು ಕಟ್ಟೆಯ ಮೇಲಿನವರು ನಗುತ್ತಿದ್ದರು.

"ಹೂಂ ಕಣಪ್ಪ, ಖಾಲಿ" ಎಂದು ಅವನೂ ನಗುತ್ತಿದ್ದ.

ಮೂರನೇ ವಾರವೂ ಮರಿ ಕಾಲೂರಲಿಲ್ಲ. ಬೈಲಪ್ಪನಿಗೆ ತಡೆಯಲಾಗಲಿಲ್ಲ. "ಒಂಚೂರು ನಡೆಸಿ ನೋಡ್ಲಾ? ಹಿಂಗೇ ಬಿದ್ದಿದ್ರೆ ಕಾಲು ಒಣಗೋಗುತ್ತೆ" ಎಂದು ಹೆಂಡತಿ ಅನಸೂಯಮ್ಮನನ್ನು ಕೇಳಿದ. ಆಕೆ ಹುಳುಮನೆಯ ಬಾಗಿಲು ಸರಿಸಿದಳು. ಒಳಗೆ ಅರೆಗತ್ತಲು. ಹಿಂದಿನ ದಿನದವರೆಗೂ ಸರಸರ ಸೊಪ್ಪು ತಿನ್ನುತ್ತಿದ್ದ ಸಾವಿರಾರು ಹುಳುಗಳು ಈಗ ತಲೆಯೆತ್ತಿ, ಅಲುಗಾಡದೆ ನಿಂತಿದ್ದವು. ಹಳೆಯ ಚರ್ಮ ಕಳಚಿ ದೊಡ್ಡದಾಗುವ ಮೊದಲು ಹುಳು ಹೀಗೆ ಒಂದು ದಿನ ಸುಮ್ಮನಾಗುತ್ತದೆ. ರೇಷ್ಮೆಯವರು ಅದನ್ನು ಜ್ವರ ಎನ್ನುತ್ತಾರೆ.

"ಜ್ವರಕ್ಕೆ ಕೂತ ಹುಳಾನ ಯಾವತ್ತಾದ್ರೂ ಎಬ್ಬಿಸಿದ್ದೀರಾ?" ಎಂದಳು ಅನಸೂಯಮ್ಮ ಪಿಸುದನಿಯಲ್ಲಿ. "ನಾನು ಬಾಗಿಲು ಜೋರಾಗಿ ಹಾಕಿದ್ರೂ ಬಯ್ತೀರ. ಹುಳಕ್ಕಿರೋ ಪುಣ್ಯ ಆ ಮರಿಗಿಲ್ವಾ?"

ಬೈಲಪ್ಪ ಬಾಗಿಲಲ್ಲಿ ನಿಂತು ಹುಳುಗಳನ್ನೇ ನೋಡಿದ. ನಲವತ್ತು ವರ್ಷ ಹುಳು ಸಾಕಿದ್ದ. ಬೆಳೆಯುವ ಜೀವ ಸುಮ್ಮನಿರಬೇಕಾದ ಹೊತ್ತೊಂದಿದೆ ಎಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಊರಲ್ಲಿ ಯಾರಿದ್ದರು? ಮೆಲ್ಲಗೆ ಹೊರಗೆ ಬಂದು ಮರಿಯ ಪಕ್ಕ ಜಗಲಿಯ ಮೇಲೆ ಮಲಗಿದ. ದೇವನಹಳ್ಳಿ ಕಡೆಯಿಂದ ಎದ್ದ ವಿಮಾನವೊಂದು ಸದ್ದೇ ಇಲ್ಲದೆ ಮೋಡ ಸೇರಿತು. ಮರಿಯ ಉಸಿರು ಅವನ ತೋಳಿಗೆ ಬೆಚ್ಚಗೆ ತಾಗುತ್ತಿತ್ತು. ಹಗಲು ಹೊತ್ತಿನಲ್ಲಿ ಅವನು ನಿದ್ದೆ ಮಾಡಿದ್ದು ಅದೇ ಮೊದಲು. ಕನಸಿನಲ್ಲಿ ಅವನೂ ಮರಿಯೂ ಸೊಪ್ಪಿನ ಮೇಲೆ ತಲೆಯೆತ್ತಿ ಕೂತಿದ್ದರು, ಅಪ್ಪ ತುದಿಗಾಲಲ್ಲಿ ನಡೆದು ಬಂದು ಬಾಗಿಲು ಮುಚ್ಚಿಕೊಂಡು ಹೋದ.

ಐದನೇ ವಾರ ದೊರೆ ಕಾಲೂರಿತು. ಆರು ವಾರ ಕಳೆದ ಮೇಲೆ ಡಾಕ್ಟರಮ್ಮ ಒತ್ತಿ ನೋಡಿ, "ಬಚಾವಾಯ್ತು ಯಜಮಾನ್ರೇ. ಮೊದಮೊದಲು ಹತ್ತು ನಿಮಿಷ ನಡೆಸಿ, ಆಮೇಲೆ ನಿಧಾನಕ್ಕೆ ಜಾಸ್ತಿ ಮಾಡಿ. ಮಣ್ಣಿನ ಮೇಲೆ ನಡೀಲಿ, ಅದು ಎಲ್ಲಿ ನಿಂತ್ರೆ ನೀವೂ ಅಲ್ಲಿ ನಿಲ್ಲಿ" ಎಂದರು.

ಮರಿಗೆ ಎಲ್ಲೆಲ್ಲೂ ನಿಲ್ಲಬೇಕಿತ್ತು. ಬೇಲಿಯ ಲಂಟಾನದ ಹತ್ತಿರ, ಇರುವೆಗೂಡಿನ ಹತ್ತಿರ, ಯಾರೋ ಬಿಟ್ಟುಹೋದ ಒಂಟಿ ಚಪ್ಪಲಿಯ ಹತ್ತಿರ. ಬೈಲಪ್ಪನೂ ನಿಂತ. ಐವತ್ತು ವರ್ಷ ಓಡಾಡಿದ ದಾರಿಯಲ್ಲಿ ಇಷ್ಟೊಂದು ಹಕ್ಕಿಗಳಿವೆಯೆಂದು ಅವನಿಗೆ ಗೊತ್ತಿರಲಿಲ್ಲ.

ಹೀಗೆ ದಿನಕ್ಕಿಷ್ಟು ದೂರವೆಂದು ಸಾಗುತ್ತ ಒಂದು ಬೆಳಿಗ್ಗೆ ಕೆರೆ ಏರಿಯವರೆಗೆ ಬಂದರು. ಇಬ್ಬನಿಯಲ್ಲಿ ಕೆರೆಯಂಗಳ ಇದ್ದೂ ಇಲ್ಲದಂತಿತ್ತು. ಬೈಲಪ್ಪ ಹಗ್ಗ ಬಿಚ್ಚಿದ. ದೊರೆ ಒಂದು ಗಳಿಗೆ ಅವನ ಮುಖ ನೋಡಿತು, ಆಮೇಲೆ ಯಾರ ಹಿಂದೆಯೂ ಅಲ್ಲದೆ ತನ್ನ ಖುಷಿಗೆ ತಾನೇ ಹುಲ್ಲಿನ ಮೇಲೆ ಒಂದು ಸುತ್ತು ಓಡಿತು. ಬೈಲಪ್ಪ ಅದರ ಹೆಜ್ಜೆಗಳನ್ನೇ ನೋಡಿದ. ನಾಲ್ಕೂ ಕಾಲು ನೆಲ ಮುಟ್ಟುತ್ತಿದ್ದವು. ಅವನ ಕಣ್ಣು ಮಂಜಾಯಿತು.

ಮರಿ ಏದುಸಿರು ಬಿಡುತ್ತ ವಾಪಸು ಬಂತು. ಅವನ ಹತ್ತಿರ ಬರದೆ ಹಳೆಯ ಚಪ್ಪಡಿಕಲ್ಲಿನ ಬುಡಕ್ಕೆ ಹೋಗಿ ಕೂತುಬಿಟ್ಟಿತು. ಕೂತ ಮೇಲೆ, ಏಳಬೇಕೇನೋ ಎಂಬ ಅನುಮಾನದಲ್ಲಿ ಕತ್ತು ಹೊರಳಿಸಿ ಅವನನ್ನು ನೋಡಿತು.

ಬೈಲಪ್ಪ ನಿಧಾನಕ್ಕೆ ಬಂದು ಕಲ್ಲನ್ನು ಕೈಯಿಂದ ಒರೆಸಿ ಕೂತ. ಎರಡೂ ಕಾಲು ಉದ್ದಕ್ಕೆ ಚಾಚಿದ. ಕಲ್ಲು ತಣ್ಣಗಿತ್ತು.

"ಕೂತ್ಕೋ ಮಗಾ" ಎಂದ, ಮರಿಯ ತಲೆ ಸವರುತ್ತ. "ಕಾಲು ಎಲ್ಲೂ ಓಡೋಗಲ್ಲ. ಕೂತ್ಕೋ."